ವನ್ ಔಟ್ಸ್: ಕರಾರು ಸೂಪರ್, ಆದರೆ ಹೀರೋ ಸೋಲೋದೇ ಇಲ್ವಲ್ಲ

ಕ್ರೀಡೆಯ ಮಂಗಾ (ಜಪಾನಿನ ಕಾಮಿಕ್ಸ್) ಅಂದರೆ ಬೆವರು, ಗೆಳೆತನ, ಕಣ್ಣೀರು, ಕೊನೇ ಗಳಿಗೆಯ ಗೆಲುವು, ಅಲ್ವಾ? ಶಿನೊಬು ಕೈತಾನಿಯ 'ವನ್ ಔಟ್ಸ್' ಇವುಗಳ ಗೋಜಿಗೆ ಜಾಸ್ತಿ ಹೋಗುವುದಿಲ್ಲ. ಇಲ್ಲಿ ಮಾತೆಲ್ಲ ದುಡ್ಡಿನದು. 1998ರಿಂದ 2006ರವರೆಗೆ ಜಪಾನಿನ 'ಬಿಸಿನೆಸ್ ಜಂಪ್' ಪತ್ರಿಕೆಯಲ್ಲಿ ಬಂದ ಬೇಸ್‌ಬಾಲ್ ಕಥೆ ಇದು. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಓದಬಹುದು, ಯಾಕಂದರೆ ಇದು ನಿಜಕ್ಕೂ ಜೂಜಿನ ಕಥೆ.

ತೋಕುಚಿ ತೋವಾ ಒಕಿನಾವಾದಲ್ಲಿ ಪಣ ಕಟ್ಟಿ ಆಡುವವನು. ಒಬ್ಬ ಎಸೆಯಬೇಕು, ಒಬ್ಬ ಹೊಡೆಯಬೇಕು, ಅಷ್ಟೇ ಆಟ. ಅದರಲ್ಲಿ ಅವನದು 499 ಗೆಲುವು, ಸೋಲು ಸೊನ್ನೆ. ಕೊಜಿಮಾ ಅನ್ನುವ ಹಿರಿಯ ಬ್ಯಾಟರ್ ಮೊದಲ ಸಲ ಇವನ ಕೈಯಲ್ಲಿ ಸೋತು, ಎರಡನೇ ಸಲ ಗೆದ್ದು, ಇವನನ್ನು ಸೈತಾಮಾ ಲೈಕಾನ್ಸ್ ಎಂಬ ಸೋತು ಸುಣ್ಣವಾದ ತಂಡಕ್ಕೆ ಕರೆತರುತ್ತಾನೆ. ಅಲ್ಲಿ ಮಾಲೀಕ ಸೈಕಾವಾ ಜೊತೆ ಒಂದು ವಿಚಿತ್ರ ಕರಾರು ಆಗುತ್ತದೆ. ಪ್ರತಿ ಔಟ್‌ಗೆ ತೋಕುಚಿಗೆ 50 ಲಕ್ಷ ಯೆನ್. ಅವನು ಬಿಟ್ಟುಕೊಡುವ ಪ್ರತಿ ರನ್‌ಗೆ ಅವನೇ ಮಾಲೀಕನಿಗೆ 5 ಕೋಟಿ ಯೆನ್ ಕೊಡಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಪೂರ್ತಿ ಪಂದ್ಯಕ್ಕೆ 27 ಔಟ್, ಅಂದರೆ 13.5 ಕೋಟಿ ಯೆನ್. ಒಂದು ರನ್ ಹೋದರೆ ಹತ್ತು ಔಟ್‌ನ ಸಂಪಾದನೆ ಮಾಯ. ಪಂದ್ಯಕ್ಕೆ ಸರಾಸರಿ 2.7 ರನ್ ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಳ್ಳೆಯ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಮಾತ್ರ ಸಿಗುವ ಸರಾಸರಿ ಅದು. ವೇಗವೇ ಇಲ್ಲದ, ಬರೀ ನೇರ ಚೆಂಡು ಎಸೆಯುವ ಹೊಸಬನಿಗೆ ಅಷ್ಟು ಕಮ್ಮಿ ರನ್ ಕೊಡೋಕೆ ಆಗುವುದಿಲ್ಲ ಅಂತ ಸೈಕಾವಾ ನಗುನಗುತ್ತಾ ಸಹಿ ಹಾಕುತ್ತಾನೆ. ಇದನ್ನು ಓದಿದಾಗ ನನಗೆ ಅವನು ದಡ್ಡ ಅಂತ ಅನಿಸಲೇ ಇಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಸಹಿ ಹಾಕುತ್ತಿದ್ದರು.

ಈ ಮಂಗಾದ ನಿಜವಾದ ತಾಕತ್ತು ಇರುವುದೇ ಇಲ್ಲಿ. ಬೇರೆ ಕ್ರೀಡಾ ಕಥೆಗಳಲ್ಲಿ ಮೂರನೇ ಇನ್ನಿಂಗ್ಸ್‌ನ ಯಾವುದೋ ಔಟ್ ಅನ್ನು ಸುಮ್ನೆ ಹಾರಿಸಿಬಿಡುತ್ತೇವೆ, ಇಲ್ಲಿ ಅದಕ್ಕೂ ಬೆಲೆ ಇದೆ. ಇನ್ನೊಂದು ಮಜಾ ಏನಂದರೆ, ತನ್ನದೇ ತಂಡದ ಪಿಚರ್ ಹೊಡೆಸಿಕೊಳ್ಳಲಿ ಅಂತ ಕಾಯುವವನು ಆ ತಂಡದ ಮಾಲೀಕನೇ. ಎದುರಾಳಿ ಮೈದಾನದಲ್ಲೂ ಇದ್ದಾನೆ, ಮೇಲಿನ ಬಾಕ್ಸ್‌ನಲ್ಲಿ ಕೂತು ಲೆಕ್ಕಪುಸ್ತಕ ನೋಡುತ್ತಲೂ ಇದ್ದಾನೆ. ಮುಂದೆ ಷರತ್ತುಗಳು ಬದಲಾಗುತ್ತವೆ, ಪಣ ಏರುತ್ತದೆ, ತಂಡವನ್ನು ಆಡಿಸುವ ಮ್ಯಾನೇಜರ್ ಪಾಪ ಮಾಲೀಕ, ತೋಕುಚಿ ಇಬ್ಬರ ನಡುವೆ ಒದ್ದಾಡುತ್ತಾನೆ. ಮಳೆಯಲ್ಲಿ ನಡೆಯುವ ಒಂದು ಪಂದ್ಯವಂತೂ ಪೂರ್ತಿ ನಿಯಮಪುಸ್ತಕದ ಮೇಲೆಯೇ ನಿಂತಿದೆ. ಚೆಂಡು ಬ್ಯಾಟಿಗಿಂತ ಜಾಸ್ತಿ ಕೆಲಸ ಅಲ್ಲಿ ನಿಯಮಗಳೇ ಮಾಡುತ್ತವೆ.

ಒಂದು ಪಕ್ಕದ ಮಾತು. ಸೈತಾಮಾದಲ್ಲಿ ನಿಜವಾಗಿಯೂ ಒಂದು ತಂಡ ಇದೆ, ಲಯನ್ಸ್. ಆ ತಂಡ 1979ರಲ್ಲಿ ಅಲ್ಲಿಗೆ ಬರುವ ಮೊದಲು, ಫುಕುವೊಕಾದಲ್ಲಿ ನಿಶಿತೆತ್ಸು ಲಯನ್ಸ್ ಆಗಿದ್ದಾಗ, 1969ರಿಂದ 71ರವರೆಗಿನ 'ಕಪ್ಪು ಮಂಜು' ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಅದರ ಆಟಗಾರರಿಗೆ ಶಾಶ್ವತ ನಿಷೇಧ ಬಿದ್ದಿತ್ತು. ಕೈತಾನಿಗೆ ಇದು ತಲೆಯಲ್ಲಿತ್ತೋ ಇಲ್ಲವೋ, ಸೈತಾಮಾದ ತಂಡದಲ್ಲೇ ಜೂಜುಕೋರನನ್ನು ನಿಲ್ಲಿಸಿದ್ದು ನೋಡಿ ನನಗಂತೂ ನಗು ಬಂತು.

ಈಗ ಬೈಗುಳ. ತೋಕುಚಿ ಸೋಲುವುದಿಲ್ಲ. ಕೊಜಿಮಾ ಕೈಯಲ್ಲಿ ಸೋತಿದ್ದೇ ಸೋಲು, ಅದೂ ಕಥೆ ಶುರುವಾಗುವಾಗಲೇ. ಆಮೇಲೆ ಏನೇ ಕೆಟ್ಟದಾದರೂ ಹತ್ತು ಪುಟ ಬಿಟ್ಟು "ಇದೂ ನನ್ನ ಪ್ಲಾನೇ" ಅನ್ನುವ ಮುಖಭಾವ ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ, ಹಾಗಾಗಿ ಕೋಟಿ ಕೋಟಿ ಸಾಲ ತೋರಿಸಿದರೂ ಎದೆ ಢವಢವ ಅನ್ನುವುದಿಲ್ಲ. ಹೇಗೆ ತಪ್ಪಿಸಿಕೊಳ್ಳುತ್ತಾನೆ ಅನ್ನುವ ಕುತೂಹಲ ಉಳಿಯುತ್ತದೆ, ತಪ್ಪಿಸಿಕೊಳ್ಳುತ್ತಾನಾ ಅನ್ನುವ ಭಯ ಇಲ್ಲ. ಜೂಜಿನ ಕಥೆಗೆ ಇದು ಸಣ್ಣ ಕೊರತೆ ಅಲ್ಲ.

ಇನ್ನೊಂದು, ಅದೃಷ್ಟಕ್ಕೆ ಇಲ್ಲಿ ಜಾಗವೇ ಇಲ್ಲ. ಬ್ಯಾಟರ್ ಮನಸ್ಸನ್ನು ಎಷ್ಟೇ ಓದಿದರೂ, ಬ್ಯಾಟಿನ ತುದಿಗೆ ತಾಗಿದ ಚೆಂಡು ಫೀಲ್ಡರ್ ತಲೆ ಮೇಲಿಂದ ಹೋಗಿ ಬೀಳುವುದನ್ನು ಯಾರೂ ತಡೆಯಲಾರರು. ಬೇಸ್‌ಬಾಲ್‌ನಲ್ಲಿ ಇದು ದಿನಾ ಆಗುತ್ತದೆ. ಕೈತಾನಿ ಅದನ್ನು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಾರೆ. ತಂಡದ ಉಳಿದವರ ಕೆಲಸ ಬಾಯಿ ಬಿಟ್ಟು ನೋಡುವುದು, ಆಮೇಲೆ ತೋಕುಚಿ ಮಾಡಿದ್ದನ್ನು ಒಬ್ಬರಿಗೊಬ್ಬರು ವಿವರಿಸುವುದು. ಕೊಜಿಮಾನಂಥ ಒಳ್ಳೆಯ ಪಾತ್ರವೂ ನಿಧಾನಕ್ಕೆ ಮೂಲೆಗೆ ಸರಿಯುತ್ತದೆ, ಅದು ನನಗೆ ಬೇಜಾರು. ಚಿತ್ರಗಳಲ್ಲೂ ಎಲ್ಲರದೂ ಚೂಪು ಗದ್ದ, ಹೆಲ್ಮೆಟ್ ಹಾಕಿದರೆ ಯಾರು ಯಾರೆಂದೇ ತಿಳಿಯುವುದಿಲ್ಲ.

ಓದಲು ಸೋಮಾರಿತನ ಆದರೆ ಮ್ಯಾಡ್‌ಹೌಸ್ ಸ್ಟುಡಿಯೊ ಮಾಡಿದ 25 ಕಂತಿನ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ಇದೆ, 2008ರದ್ದು, ಚೆನ್ನಾಗಿದೆ. ಆದರೆ ಅದು ಕಥೆಯ ಮಧ್ಯದಲ್ಲೇ ನಿಂತುಬಿಡುತ್ತದೆ. ಸೈಕಾವಾಗೆ ಕೊನೆಗೆ ಏನಾಯಿತು ಅಂತ ತಿಳಿಯಬೇಕಾದರೆ ಮಂಗಾವೇ ಗತಿ.