ಜಾಕೆಟ್ಟಿನ ಬೆನ್ನ ಜೇಬಿಗೆ ಕೈ ಹಾಕಿ ನೋಡಿ

ಗಣಪತಿ ಹಬ್ಬ, ದೀಪಾವಳಿ ಬಂತೆಂದರೆ ಪುಣೆಯಿಂದ ಊರಿಗೆ ಬೈಕಿನಲ್ಲೇ ಹೊರಡುವ ನಮ್ಮ ಹುಡುಗರು ಬಹಳ. ಕಾತ್ರಜ್ ಸುರಂಗ, ಖಂಬಾಟ್ಕಿ ಘಾಟ್, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ 400 ಕಿ.ಮೀ. ಮೀರಿರುತ್ತದೆ. ತಲೆಗೆ ಹೆಲ್ಮೆಟ್, ಮೈಮೇಲೆ ರೈಡಿಂಗ್ ಜಾಕೆಟ್ ಇದೆಯೆಂದರೆ ಊರಲ್ಲಿ ಕಾಯುವವರಿಗೂ ಸಮಾಧಾನ. ಆದರೆ ಆ ಜಾಕೆಟ್ಟಿನ ಬೆನ್ನಿನಲ್ಲಿ ಏನು ತುಂಬಿದ್ದಾರೆ ಎಂದು ತೆಗೆದು ನೋಡಿದವರು ಕಡಿಮೆ.

ಒಳಗಿನ ಲೈನಿಂಗಿನಲ್ಲಿ ವೆಲ್ಕ್ರೋ ಹಚ್ಚಿದ ಒಂದು ಸೀಳು ಇರುತ್ತದೆ. ಅಲ್ಲಿಂದ ಪ್ಯಾಡ್ ಎಳೆದು ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ. ಎರಡೂ ಬೆರಳು ತಾಗುವಷ್ಟು ಅಮುಕಿಹೋಗುವ, ಟಿವಿ ಡಬ್ಬದ ಪ್ಯಾಕಿಂಗಿನಂಥ ಹಗುರ ಸ್ಪಂಜು ಬಂದರೆ ಅದನ್ನು ಬೆನ್ನು ಕಾಯುವ ಪ್ರೊಟೆಕ್ಟರ್ ಎಂದು ನಂಬಬೇಡಿ. ಜೇಬು ಖಾಲಿ ಕಾಣದಿರಲಿ ಎಂದು ಇಟ್ಟ ಫೋಮ್ ಅದು. ಭುಜ, ಮೊಣಕೈಗೆ ಒಳ್ಳೆಯ ಪ್ಯಾಡ್ ಕೊಟ್ಟ ಜಾಕೆಟ್ಟಿನಲ್ಲೂ ಬೆನ್ನಿಗೆ ಇದೇ ಇರುವುದುಂಟು. ಯುರೋಪಿನ ಜಾಕೆಟ್ ಮಾನದಂಡವಾದ ಇಎನ್ 17092ರಲ್ಲೂ ಬೆನ್ನಿನ ಪ್ಯಾಡ್ ಕಡ್ಡಾಯವಿಲ್ಲ. ಹಾಗಾಗಿ ಜಾಕೆಟ್ಟಿನ ಕಾಲರ್ ಹತ್ತಿರ ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎನ್ನುವ ‘ಸಿಇ’ ಅಕ್ಷರ ಕಂಡಿತೆಂದು ಸುಮ್ಮನಾಗುವಂತಿಲ್ಲ.

ಬೆನ್ನಿನ ಪ್ಯಾಡಿನ ಮೇಲೆಯೇ ಅಚ್ಚಾಗಿರಬೇಕಾದ ಸಂಖ್ಯೆ ಇಎನ್ 1621-2. ಕೊನೆಯ ಅಂಕಿ 1 ಇದ್ದರೆ ಅದು ಕೈಕಾಲಿನ ಪ್ಯಾಡು, ಮೋಸ ಹೋಗಬೇಡಿ. ಜೊತೆಗೆ ಲೆವೆಲ್ 1 ಅಥವಾ 2 ಎಂದಿರುತ್ತದೆ. ಪರೀಕ್ಷೆ ಹೀಗೆ: 5 ಕೆಜಿ ತೂಕದ, ಫುಟ್‌ಪಾತಿನ ಅಂಚಿನ ಆಕಾರದ ಕಬ್ಬಿಣವನ್ನು ಸುಮಾರು ಒಂದು ಮೀಟರ್ ಮೇಲಿಂದ ಪ್ಯಾಡಿನ ಮೇಲೆ ಬೀಳಿಸಿ, ಕೆಳಗೆ ಎಷ್ಟು ಹೊಡೆತ ದಾಟಿತೆಂದು ಅಳೆಯುತ್ತಾರೆ. ಲೆವೆಲ್ 1ಕ್ಕೆ ಸರಾಸರಿ 18 ಕಿಲೋನ್ಯೂಟನ್ (ಹೊಡೆತದ ಬಲದ ಅಳತೆ) ಮೀರಬಾರದು, ಲೆವೆಲ್ 2ಕ್ಕೆ 9. ಅಂದರೆ ಅರ್ಧಕ್ಕೆ ಅರ್ಧ ವ್ಯತ್ಯಾಸ. ದುಡ್ಡು ಸ್ವಲ್ಪ ಹೆಚ್ಚಾದರೂ ಲೆವೆಲ್ 2 ತೆಗೆದುಕೊಳ್ಳಿ ಎನ್ನುವುದು ಅದಕ್ಕೇ. ಲೇಬಲ್ಲಿನಲ್ಲಿ ‘ಎಫ್‌ಬಿ’ ಎಂದಿದ್ದರೆ ಪೂರ್ತಿ ಬೆನ್ನು, ‘ಸಿಬಿ’ ಎಂದರೆ ನಡುಬೆನ್ನು ಮಾತ್ರ, ‘ಎಲ್‌ಬಿ’ ಎಂದರೆ ಸೊಂಟದ ಭಾಗ. ‘ಟಿ ಪ್ಲಸ್’ ಗುರುತು ಇದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ದಾಟಿದೆ ಎಂದರ್ಥ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಸಾತಾರಾ ರಸ್ತೆ ಹಿಡಿಯುವವರು ಈ ಗುರುತನ್ನು ಹುಡುಕಿಯೇ ಕೊಳ್ಳಬೇಕು, ಯಾಕೆಂದರೆ ಮೆದು ಜಾತಿಯ ಫೋಮ್ ಬಿಸಿಗೆ ಇನ್ನೂ ಮೆತ್ತಗಾಗಿ ಹೊಡೆತ ತಡೆಯುವ ಗುಣ ಕಳೆದುಕೊಳ್ಳುತ್ತದೆ.

ಇಷ್ಟೆಲ್ಲ ಇದ್ದರೂ ಅದರ ಮಿತಿ ತಿಳಿದಿರಲಿ. ಬೆನ್ನು ನೇರವಾಗಿ ಡಿವೈಡರಿಗೋ ಕಲ್ಲಿಗೋ ಬಡಿದಾಗ ಪ್ಯಾಡ್ ಆ ಪೆಟ್ಟನ್ನು ಅಗಲಕ್ಕೆ ಹರಡಿ ಪಕ್ಕೆಲುಬು, ಬೆನ್ನುಮೂಳೆಗೆ ಬೀಳುವ ಭಾರ ತಗ್ಗಿಸುತ್ತದೆ. ಬೆನ್ನು ತಿರುಚಿದರೆ, ಅತಿಯಾಗಿ ಬಾಗಿದರೆ, ತಲೆಕೆಳಗಾಗಿ ಬಿದ್ದು ಕತ್ತಿನ ಮೇಲೆ ಭಾರ ಕುಸಿದರೆ ಅದು ಏನೂ ಮಾಡಲಾರದು. ಬೆನ್ನುಹುರಿಯ ಗಾಯಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಪ್ಯಾಡ್ ಇದೆಯೆಂದು 80ರ ಜಾಗದಲ್ಲಿ 110 ಓಡಿಸುವವರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಅಳತೆ ತಪ್ಪಿದರೆ ಲೆವೆಲ್ 2 ಇದ್ದೂ ವ್ಯರ್ಥ. ಕತ್ತು ಬಗ್ಗಿಸಿದಾಗ ಹಿಂದೆ ಎದ್ದು ಕಾಣುವ ಎಲುಬಿನಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿಸಿ. 46 ಸೆಂ.ಮೀ. ಬಂತೆನ್ನಿ, ಪ್ಯಾಡಿನ ಲೇಬಲ್ಲಿನಲ್ಲಿರುವ ಸೆಂ.ಮೀ. ವ್ಯಾಪ್ತಿಯೊಳಗೆ ಆ ಅಂಕಿ ಬರಬೇಕು. ಆಮೇಲೆ ಹಳೆಯ ಸ್ಪಂಜನ್ನು ದಿನಪತ್ರಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಆ ಹಾಳೆಯನ್ನು ಅಂಗಡಿಗೇ ಒಯ್ಯಿರಿ. ಕಂಪನಿಯಿಂದ ಕಂಪನಿಗೆ ಜೇಬಿನ ಆಕಾರ ಬೇರೆ. ಚಿಕ್ಕ ಪ್ಯಾಡ್ ದೊಡ್ಡ ಜೇಬಿನಲ್ಲಿ ಕೆಳಕ್ಕೆ ಜಾರಿ ಸೊಂಟದ ಹತ್ತಿರ ಗುಡ್ಡೆಯಾಗುತ್ತದೆ. ಕತ್ತರಿಯಿಂದ ಕತ್ತರಿಸಿ ಕೂರಿಸುವುದಂತೂ ಬೇಡ, ಅಂಚು ಹೋದರೆ ಪರೀಕ್ಷೆಯ ಭರವಸೆಯೂ ಹೋಯಿತು. ಕೊನೆಗೆ ಬೈಕಿನ ಮೇಲೆ ಕೂತು ನೋಡಿ: ತಲೆ ಎತ್ತಿದಾಗ ಹೆಲ್ಮೆಟ್ಟಿನ ಹಿಂಬದಿ ಪ್ಯಾಡಿಗೆ ತಾಗಬಾರದು, ಕೆಳತುದಿ ಸೀಟಿಗೆ ಒತ್ತಿ ಮೇಲಕ್ಕೆ ತಳ್ಳಬಾರದು.

ಜಾಕೆಟ್ಟೇ ದೊಗಲೆಯಾಗಿದ್ದರೆ ಒಳಗಿನ ಪ್ಯಾಡಿಗಿಂತ ಭುಜದ ಪಟ್ಟಿ, ಸೊಂಟದ ಅಗಲ ಬೆಲ್ಟ್ ಇರುವ ಪ್ರತ್ಯೇಕ ಪ್ರೊಟೆಕ್ಟರ್ ಮೇಲು. ತೆಳು ಬನಿಯನ್ನಿನ ಮೇಲೆ ಕಟ್ಟಿಕೊಂಡು ಅದರ ಮೇಲೆ ಜಾಕೆಟ್ ಹಾಕಿದರೆ ಬಿದ್ದಾಗಲೂ ಜಾಗ ಬಿಟ್ಟು ಕದಲದು. ಮುಂಬೈ, ಗೋವಾದ ಜಿಗುಟು ಸೆಕೆಯಲ್ಲಿ ತೂತುಗಳಿರುವುದನ್ನೇ ಆರಿಸಿ. ಬೆವರಿಗೆ ಬೇಸತ್ತು ಮನೆಯಲ್ಲೇ ಬಿಟ್ಟು ಹೋದ ಪ್ಯಾಡ್ ಯಾರನ್ನೂ ಕಾಯುವುದಿಲ್ಲ. ಮಳೆಯಲ್ಲಿ ತೊಯ್ದರೆ ಹೊರತೆಗೆದು ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ. ಬಿಸಿಲಿಗೆ ಹಾಕಬೇಡಿ, ವಾಷಿಂಗ್ ಮಷೀನಿಗೂ ಬೇಡ. ಬಿರುಕು ಬಿಟ್ಟದ್ದು, ಗಟ್ಟಿಯಾದದ್ದು, ಒಮ್ಮೆ ಜೋರಾಗಿ ಬಿದ್ದು ಪೆಟ್ಟು ತಿಂದದ್ದು ಬದಲಾಗಬೇಕು. ಕೊಂಡ ತಿಂಗಳು, ವರ್ಷವನ್ನು ಮಾರ್ಕರಿನಿಂದ ಪ್ಯಾಡಿನ ಮೇಲೇ ಬರೆದಿಡಿ.

ಪುಣೆಯ ಐಟಿ ಕಂಪನಿಗಳ ಹಿಂಜೇವಾಡಿಗೆ ಹೋಗುವವರ ಬೆನ್ನಿನ ಬ್ಯಾಗ್ ಬೇರೆಯೇ ಚಿಂತೆ. ಲ್ಯಾಪ್‌ಟಾಪ್ ಚಾರ್ಜರ್, ಸ್ಟೀಲ್ ಟಿಫಿನ್ ಡಬ್ಬ, ಬೈಕಿನ ಚೈನ್ ಲಾಕ್ ಸರಿಯಾಗಿ ಬೆನ್ನುಮೂಳೆಯ ನೇರಕ್ಕೆ ಕೂತಿರುತ್ತವೆ. ಬೆನ್ನಡಿಯಾಗಿ ಬಿದ್ದರೆ ನೆಲಕ್ಕಿಂತ ಮೊದಲು ಚುಚ್ಚುವುದು ಅವೇ. ಗಟ್ಟಿ ಸಾಮಾನನ್ನು ಟ್ಯಾಂಕ್ ಬ್ಯಾಗಿಗೋ ಹಿಂದಿನ ಸೀಟಿಗೋ ಕಟ್ಟಿ. ಹಿಂದೆ ಹೆಂಡತಿಯೋ ತಂಗಿಯೋ ಕೂತಿದ್ದರೆ ಅವರಿಗೂ ಒಂದು ಪ್ರೊಟೆಕ್ಟರ್ ಬೇಕು. ಹಿಡಿಯಲು ಹ್ಯಾಂಡಲ್ ಇಲ್ಲದ ಅವರು ಹಿಂದಕ್ಕೆ ಬೀಳುವ ಸಂಭವ ಓಡಿಸುವವರಿಗಿಂತ ಹೆಚ್ಚು.

ರಸ್ತೆಯಲ್ಲಿ ಯಾರಾದರೂ ಬಿದ್ದಾಗ ಜನ ಓಡಿಬಂದು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿ ನೀರು ಕುಡಿಸುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ಮುರಿದ ಬೆನ್ನುಮೂಳೆ ಹುರಿಯನ್ನು ಹಿಸುಕುವುದು ಹೀಗೆ ಎತ್ತುವಾಗಲೇ ಇರಬಹುದು. ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಿರಿ, ಪ್ಯಾಡ್ ಬಿಚ್ಚಬೇಡಿ, ತಲೆ ಮತ್ತು ಕತ್ತು ಅಲುಗದಂತೆ ಹಿಡಿಯಿರಿ. ಮರಾಠಿ ಬಾರದವರು ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: “ಹಲವೂ ನಕಾ, 108ಲಾ ಫೋನ್ ಕರಾ.” ಅಲುಗಿಸಬೇಡಿ, 108ಕ್ಕೆ ಫೋನ್ ಮಾಡಿ ಎಂದರ್ಥ. ಆಂಬ್ಯುಲೆನ್ಸಿಗೆ ಮಹಾರಾಷ್ಟ್ರ, ಗೋವಾ, ನಮ್ಮ ಕರ್ನಾಟಕ ಮೂರರಲ್ಲೂ ಇದೇ ನಂಬರು.