ಬೆರಳಿಗೆ ಶಾಯಿ ಇಲ್ಲದ ಚುನಾವಣೆ

"ಓಟು ಹಾಕಿದ್ಯೇನೋ? ಎಲ್ಲಿ, ಬೆರಳು ತೋರಿಸು" ಅಂದಳು ಅಮ್ಮ, ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ. ದೇಶಕ್ಕೆಲ್ಲ ಓಟಿನ ಶಾಯಿ ಮಾಡಿಕೊಡುವ ಊರಿನವಳು, ಕೇಳದೆ ಇರ್ತಾಳಾ? ಇಲ್ಲಿ ಮೆಲ್ಬರ್ನ್‌ನಲ್ಲಿ ಶಾಯಿ ಹಚ್ಚುವುದಿಲ್ಲ. ಗುರುತಿನ ಚೀಟಿಯನ್ನೂ ಕೇಳುವುದಿಲ್ಲ.

2025ರ ಮೇ 3, ಶನಿವಾರ, ಆಸ್ಟ್ರೇಲಿಯಾದ ಸಂಸತ್ತಿನ ಚುನಾವಣೆ. ನಾನು ಓಟು ಹಾಕಿದ್ದಷ್ಟೇ ಅಲ್ಲ, ಚುನಾವಣಾ ಆಯೋಗದ ಒಂದು ದಿನದ ಕೆಲಸಕ್ಕೂ ಸೇರಿದ್ದೆ. ಪಕ್ಷಗಳ ಜೊತೆ ಓಡಾಡುವವನಲ್ಲ ಅಂತ ಮೊದಲೇ ಬರೆದುಕೊಡಬೇಕು. ಸ್ಕೂಲಿನ ಹಾಲ್‌ನಲ್ಲಿ ಬೆಳಗ್ಗೆ 8ರಿಂದ ಸಂಜೆ 6ರವರೆಗೆ ಬಂದವರಿಗೆಲ್ಲ ಅದೇ ಮೂರು ಪ್ರಶ್ನೆ ಕೇಳಿದೆ: ಪೂರ್ತಿ ಹೆಸರೇನು, ಎಲ್ಲಿ ವಾಸ, ಈ ಚುನಾವಣೆಯಲ್ಲಿ ಆಗಲೇ ಓಟು ಹಾಕಿದ್ದೀರಾ? ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕಿ ಓಟಿನ ಚೀಟಿ ಕೊಡುವುದು. ಎರಡು ಕಡೆ ಗುರುತು ಬಿದ್ದಿದ್ದರೆ ಆಮೇಲೆ ಪಟ್ಟಿಗಳನ್ನು ತಾಳೆ ನೋಡುವಾಗ ಸಿಕ್ಕಿಬೀಳುತ್ತೆ. ಗುರುತೇ ಇಲ್ಲದಿದ್ದರೆ ಮನೆಗೆ ಕಾಗದ ಬರುತ್ತೆ: ಯಾಕೆ ಬರಲಿಲ್ಲ? ಸರಿಯಾದ ಕಾರಣ ಇಲ್ಲದಿದ್ದರೆ 20 ಡಾಲರ್ ದಂಡ, ನಮ್ಮ ಸಾವಿರ ರೂಪಾಯಿಗೆ ಸ್ವಲ್ಪ ಜಾಸ್ತಿ. 1924ರಿಂದ ಇಲ್ಲಿ ಓಟು ಕಡ್ಡಾಯ.

ಓಟು ಹಾಕುವುದು ಪೆನ್ಸಿಲಿನಲ್ಲಿ! ಹಸಿರು ಚೀಟಿಯ ಮೇಲೆ ಪ್ರತಿ ಅಭ್ಯರ್ಥಿಗೂ 1, 2, 3 ಅಂತ ನಂಬರ್ ಕೊಡಬೇಕು. "ಪೆನ್ಸಿಲಾ? ಯಾರಾದ್ರೂ ಅಳಿಸಿಬಿಟ್ರೆ?" ಅಂದಳು ಅಮ್ಮ. ಪೆನ್ನು ತಂದರೂ ಬೇಡ ಅನ್ನಲ್ಲ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ.

ನನಗೆ ಹಿಡಿಸಿದ್ದು 6 ಗಂಟೆಯ ಮೇಲಿನ ಕೆಲಸ. ಬಾಗಿಲು ಹಾಕಿ, ಡಬ್ಬದ ಸೀಲ್ ಒಡೆದು, ಚೀಟಿಗಳನ್ನು ಮೇಜಿನ ಮೇಲೆ ಸುರಿದು, ಅಲ್ಲೇ ಕೈಯಲ್ಲಿ ಎಣಿಸಿದೆವು. ಪಕ್ಷದ ಏಜೆಂಟರು ಬಗ್ಗಿ ಬಗ್ಗಿ ನೋಡಬಹುದು, ಒಂದು ಚೀಟಿಯನ್ನೂ ಮುಟ್ಟುವ ಹಾಗಿಲ್ಲ. ಕಟ್ಟು ಕಟ್ಟುವಾಗ ನಮ್ಮ ಮೇಲಿನವರ ಕಣ್ಣು ಎಲ್ಲರ ಮೇಲೂ ಇತ್ತು. ಸುಮ್ನೆ ಅಲ್ಲ. 2013ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದ ಸೆನೆಟ್ (ಸಂಸತ್ತಿನ ಮೇಲ್ಮನೆ) ಮರುಎಣಿಕೆಯಲ್ಲಿ 1,370 ಚೀಟಿ ಕಾಣೆಯಾದವು. ಕೋರ್ಟು ಆ ಫಲಿತಾಂಶವನ್ನೇ ರದ್ದು ಮಾಡಿತು. ಮುಂದಿನ ಏಪ್ರಿಲ್‌ನಲ್ಲಿ ಇಡೀ ರಾಜ್ಯ ಮತ್ತೆ ಓಟು ಹಾಕಬೇಕಾಯಿತು. ಆಯೋಗದ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಇದನ್ನೆಲ್ಲ ಅಮ್ಮ ಗಮನ ಇಟ್ಟು ಕೇಳಿದಳು. "ಸರಿ ಕಣೋ, ಆದ್ರೂ ಒಂದು ಚುಕ್ಕೆ ಶಾಯಿ ಹಚ್ಚಿದ್ರೆ ಅವರ ಗಂಟೇನು ಹೋಗ್ತಿತ್ತು?"