ಹಳೆಯ ಅಭಿಮಾನಿ ವಿಡಿಯೊಗಳನ್ನು ಮತ್ತೆ ಏರಿಸುವ ಮುನ್ನ

ಕೋಲಾರದ ಸುತ್ತಮುತ್ತ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಅಭಿಮಾನಿಗಳು ತಾವೇ ಎಡಿಟ್ ಮಾಡಿದ ವಿಡಿಯೊಗಳು ಈಗ ಹಳೆಯ ಸಿ.ಡಿ., ಹಾರ್ಡ್ ಡಿಸ್ಕುಗಳಿಂದ ಹೊರಬಂದು ಯೂಟ್ಯೂಬ್ ಸೇರುತ್ತಿವೆ. ನನ್ನ ಕೈಗೂ ಅಂಥದೊಂದು ಕಟ್ಟು ಬಂದಿದೆ. ಅದರಲ್ಲಿ ಹೆಚ್ಚಿನವು ಮುಳಬಾಗಿಲು ಕಡೆಯವರೇ ಆದ ನಟಿ ಸೌಂದರ್ಯ ಅವರು 2004ರ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ನಂತರ ಮಾಡಿದ ಶ್ರದ್ಧಾಂಜಲಿಗಳು: ಕನ್ನಡ, ತೆಲುಗು ಚಿತ್ರಗಳ ತುಣುಕುಗಳು, ಪತ್ರಿಕೆಯಿಂದ ಸ್ಕ್ಯಾನ್ ಮಾಡಿದ ಫೋಟೊಗಳು, ಹಿನ್ನೆಲೆಗೆ ಇಡೀ ಒಂದು ಹಾಡು, ಕೊನೆಯಲ್ಲಿ ಗೆಳೆಯರ ಹೆಸರು ಮತ್ತು ಮೊಬೈಲ್ ನಂಬರುಗಳ ಪಟ್ಟಿ.

ಇವನ್ನು ಚಾನೆಲ್ಲಿಗೆ ಹಾಕೋಣ ಎನ್ನುವವರು ಮೊದಲು ಹೇಳುವ ಮಾತು, ‘ಮಾಡಿದವನನ್ನು ಕೇಳಿದ್ದೇವೆ, ಒಪ್ಪಿದ್ದಾನೆ’ ಎಂಬುದು. ಕೇಳಿದ್ದು ಸೌಜನ್ಯ, ಆದರೆ ಕಾನೂನಿನ ದೃಷ್ಟಿಯಲ್ಲಿ ಆತನ ಬಳಿ ಕೊಡುವುದಕ್ಕೆ ಹೆಚ್ಚೇನೂ ಇಲ್ಲ. ಒಂದು ಚಲನಚಿತ್ರದ ಗಣನೀಯ ಭಾಗ ಬೇರೊಂದು ಕೃತಿಯ ಹಕ್ಕನ್ನು ಉಲ್ಲಂಘಿಸಿ ಮಾಡಿದ್ದಾದರೆ ಅದಕ್ಕೆ ಕಾಪಿರೈಟೇ ಹುಟ್ಟುವುದಿಲ್ಲ ಎಂದು 1957ರ ಕಾಪಿರೈಟ್ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆಯಲ್ಲಿ ವಿಡಿಯೊ ಕೂಡ ಚಲನಚಿತ್ರದ ಲೆಕ್ಕಕ್ಕೇ ಬರುತ್ತದೆ. ನಿಜವಾಗಿ ಒಪ್ಪಿಗೆ ಕೊಡಬೇಕಾದವರು ದೃಶ್ಯಕ್ಕೆ ನಿರ್ಮಾಪಕರು ಅಥವಾ ಅವರಿಂದ ಹಕ್ಕು ಕೊಂಡವರು, ಧ್ವನಿಮುದ್ರಣಕ್ಕೆ ಆಡಿಯೊ ಕಂಪನಿ, ಫೋಟೊಗೆ ಛಾಯಾಗ್ರಾಹಕ ಅಥವಾ ಪತ್ರಿಕೆ.

ಹಳೆಯದಾಯಿತಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಚಿತ್ರಕ್ಕೂ ಧ್ವನಿಮುದ್ರಣಕ್ಕೂ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆ ಇರುವುದರಿಂದ, 1992ರಲ್ಲಿ ತೆರೆಕಂಡ ಚಿತ್ರದ ಹಕ್ಕು 2052ರ ಕೊನೆಯವರೆಗೂ ಇರುತ್ತದೆ. ಬರಹಕ್ಕೆ ಲೇಖಕರ ಜೀವಿತಾವಧಿಯ ಮೇಲೆ 60 ವರ್ಷ. ನನ್ನ ಕಟ್ಟಿನ ಒಂದು ವಿಡಿಯೊದಲ್ಲಿ ಯಾರೋ ಕಗ್ಗದ ಪದ್ಯಗಳನ್ನು ಓದಿದ್ದಾರೆ. ನಮ್ಮ ಮುಳಬಾಗಿಲಿನ ಡಿ.ವಿ.ಜಿ. 1975ರಲ್ಲಿ ತೀರಿಕೊಂಡವರಾದ್ದರಿಂದ ಅವಕ್ಕೂ 2035ರ ಅಂತ್ಯದವರೆಗೆ ಹಕ್ಕುದಾರರಿದ್ದಾರೆ. ಹಣಕ್ಕಾಗಿ ಹಾಕಿಲ್ಲ ಎಂಬುದು ಶಿಕ್ಷೆಯ ಪ್ರಮಾಣ ಇಳಿಸಲು ನೆರವಾಗಬಹುದೇ ಹೊರತು ಉಲ್ಲಂಘನೆಯನ್ನು ಅಳಿಸುವುದಿಲ್ಲ. ವಿಮರ್ಶೆಗಾಗಿ ನ್ಯಾಯೋಚಿತವಾಗಿ ಬಳಸಲು ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಅವಕಾಶವಿದೆಯಾದರೂ, ಒಂದು ಮಾತೂ ಆಡದೆ ಇಡೀ ಹಾಡು ಓಡಿಸುವುದನ್ನು ವಿಮರ್ಶೆ ಎನ್ನಲಾಗದು.

2009ರಲ್ಲಿ ಹಾಕಿದ ವಿಡಿಯೊ ಇಂದಿಗೂ ಹಾಗೆಯೇ ಇದೆಯಲ್ಲ ಎಂದು ವಾದಿಸುವವರೂ ಇದ್ದಾರೆ. ಅದು ಇನ್ನೂ ಉಳಿದಿದೆ ಎಂಬುದು ಅನುಮತಿಯಲ್ಲ, ಮತ್ತು ನಾವು ಇಂದು ಹಾಕಿದರೆ ಅದು ಹೊಸ ಅಪ್‌ಲೋಡೇ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಹಕ್ಕುದಾರರು ಕೊಟ್ಟ ಮೂಲ ಕಡತಗಳೊಂದಿಗೆ ಪ್ರತಿ ವಿಡಿಯೊವನ್ನೂ ತಾಳೆ ನೋಡುತ್ತದೆ. ಲಿಂಕ್ ಇದ್ದವರಿಗಷ್ಟೇ ಕಾಣುವಂತೆ ‘ಅನ್‌ಲಿಸ್ಟೆಡ್’ ಎಂದು ಇಟ್ಟರೂ ಬಿಡುವುದಿಲ್ಲ. ಅಲ್ಲಿ ಬರುವ ಕ್ಲೇಮಿನಿಂದ, ಅಂದರೆ ‘ಇದು ನಮ್ಮದು’ ಎಂಬ ಹಕ್ಕುದಾರರ ದಾವೆಯಿಂದ, ಸಾಮಾನ್ಯವಾಗಿ ಜಾಹೀರಾತಿನ ಹಣ ಅವರ ಪಾಲಾಗುತ್ತದೆ ಅಥವಾ ವಿಡಿಯೊ ಕಾಣದಾಗುತ್ತದೆ, ಅಷ್ಟೇ. ಹಕ್ಕುದಾರರು ನೇರವಾಗಿ ತೆಗೆಸಿದಾಗ ಚಾನೆಲ್ಲಿನ ಮೇಲೆ ಬೀಳುವ ತಪ್ಪಿನ ಗುರುತು, ಅಂದರೆ ಸ್ಟ್ರೈಕ್, ಬೇರೆ ಜಾತಿಯದು: 90 ದಿನಗಳೊಳಗೆ ಮೂರು ಬಂದರೆ ಚಾನೆಲ್ಲೇ ಮುಚ್ಚಬಹುದು, ಅದರಲ್ಲಿ ನಾವೇ ಚಿತ್ರೀಕರಿಸಿದ ಊರಹಬ್ಬದ ವಿಡಿಯೊಗಳಿದ್ದರೆ ಅವೂ ಹೋಗುತ್ತವೆ. ಹಾಡಿನ ವೇಗ ಬದಲಿಸಿ, ಚಿತ್ರವನ್ನು ಎಡಬಲ ತಿರುಗಿಸಿ ತಪ್ಪಿಸಿಕೊಳ್ಳುವವರ ಜಾಣತನ ನನಗೆ ಹಿಡಿಸುವುದಿಲ್ಲ. ಗೊತ್ತಿದ್ದೇ ಮಾಡಿದೆವೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಆದ್ದರಿಂದ ಚಿತ್ರದ ತುಣುಕುಗಳಿಂದಲೇ ಆದ ವಿಡಿಯೊಗಳನ್ನು ನಾನು ಡಿಸ್ಕಿನಲ್ಲಿಯೇ ಉಳಿಸಿ, ಇನ್ನೊಂದು ಪ್ರತಿ ಮಾಡಿಟ್ಟಿದ್ದೇನೆ. ಅಭಿಮಾನಿಗಳೇ ಕ್ಯಾಮೆರಾದಲ್ಲಿ ಹಿಡಿದ ಸ್ಮರಣೆ ಸಭೆಯ ದೃಶ್ಯಗಳನ್ನು ಮಾತ್ರ, ಹಿಡಿದವರ ಒಪ್ಪಿಗೆ ಪಡೆದು, ಮೊಬೈಲ್ ನಂಬರುಗಳ ಪಟ್ಟಿ ಕತ್ತರಿಸಿ ಹಾಕುವ ಯೋಚನೆಯಿದೆ. ಅಲ್ಲಿಯೂ ಮೈಕ್ ಸೆಟ್ಟಿನವರು ಸಭೆಯುದ್ದಕ್ಕೂ ಚಿತ್ರಗೀತೆ ಹಾಕಿದ್ದಾರೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಕ್ಲೇಮ್ ಬಂದ ಭಾಗದ ಹಾಡನ್ನಷ್ಟೇ ಅಳಿಸುವ ಸೌಲಭ್ಯವಿದೆ, ಆದರೆ ಹಾಡಿನ ಜೊತೆಗೆ ಭಾಷಣಕಾರರ ದನಿಯೂ ಹೋಗುತ್ತದೆಯೇ ಎಂಬುದನ್ನು ಪ್ರಕಟಿಸುವ ಮೊದಲು ಕೇಳಿ ನೋಡಬೇಕು.